ಅಳಿವೆಯ ದಂಡೆಗೆ ಮೊದಲ ರಾಡು, ಮೊದಲ ರೀಲು: ಹೊಸಬರ ಗಾಳದ ಸಾಮಗ್ರಿಯ ವಿಮರ್ಶೆ

ಕರ್ನಾಟಕದ ಕರಾವಳಿಯಲ್ಲಿ ಗಾಳ ಹಾಕಲು ಹೊಸದಾಗಿ ಮನಸ್ಸು ಮಾಡಿದವರು ಮೊದಲ ರಾಡನ್ನು ಅಳಿವೆಗಾಗಿ, ಅಂದರೆ ನದಿ ಕಡಲನ್ನು ಸೇರುವ ಜಾಗಕ್ಕಾಗಿ ಕೊಳ್ಳಬೇಕು, ತೆರೆದ ಕಡಲಿನ ಆಸೆಯನ್ನು ಒಂದೆರಡು ವರ್ಷ ಮುಂದಕ್ಕೆ ಹಾಕಬೇಕು. ಈ ವಿಮರ್ಶೆಯಲ್ಲಿ ನಾನು ಹೇಳುವುದೆಲ್ಲ ಈ ಒಂದು ನಿರ್ಧಾರದ ಮೇಲೆ ನಿಂತಿದೆ. ಕಾರವಾರದ ಕಾಳಿಯಿಂದ ಹಿಡಿದು ಗಂಗಾವಳಿ, ಅಘನಾಶಿನಿ, ಹೊನ್ನಾವರದ ಶರಾವತಿ, ಐದು ನದಿಗಳು ಒಂದಾಗುವ ಗಂಗೊಳ್ಳಿ, ಸೀತಾ ಮತ್ತು ಸ್ವರ್ಣಾ ಸೇರುವ ಕೋಡಿಬೆಂಗ್ರೆ, ಶಾಂಭವಿ ಮತ್ತು ನಂದಿನಿಯ ಮೂಲ್ಕಿ, ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲಿಗೆ ಬೀಳುವ ಮಂಗಳೂರಿನವರೆಗೆ, ನಮ್ಮ ಕರಾವಳಿಯಲ್ಲಿ ಎಲ್ಲಿ ನಿಂತರೂ ಒಂದು ಅಳಿವೆ ದೂರವಿರುವುದಿಲ್ಲ. ಅಲ್ಲಿ ಮೀನು ದಂಡೆಗೆ ಹತ್ತಿರ ಬರುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ಬಳಿ, ಸೇತುವೆಯ ಕಂಬದ ನೆರಳಿನಲ್ಲಿ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ನೀರು ಹೊರಬೀಳುವ ತೂಬಿನ ಬಾಯಿಯಲ್ಲಿ, 30 ಮೀಟರ್ ಎಸೆದರೆ ಸಾಕಾಗುವ ಜಾಗಗಳು ಬೇಕಾದಷ್ಟಿವೆ. ತೆರೆದ ಮರಳದಂಡೆಯ ಲೆಕ್ಕವೇ ಬೇರೆ. ತೆರೆ ಒಡೆಯುವ ಸಾಲನ್ನು ದಾಟಿಸಿ 100 ಗ್ರಾಂ ಸೀಸವನ್ನು ಎಸೆಯಲು 12 ಅಡಿಗೂ ಮೇಲಿನ ರಾಡು, ಅದಕ್ಕೆ ತಕ್ಕ ದೊಡ್ಡ ರೀಲು, ಎಸೆಯುವ ವಿದ್ಯೆಯ ಅಭ್ಯಾಸ ಮೂರೂ ಬೇಕು. ಅವು ಹೊಸಬರ ಕೈಗೂ ಭಾರ, ಜೇಬಿಗೂ ಭಾರ.

ಅಳಿವೆಗೆ ನಾನು ಶಿಫಾರಸು ಮಾಡುವ ಸೆಟ್ಟು ಸರಳವಾದದ್ದು. 8ರಿಂದ 9 ಅಡಿ ಉದ್ದದ, ಎರಡು ತುಂಡಿನ, 15ರಿಂದ 40 ಗ್ರಾಂ ಎಸೆಯಬಲ್ಲ ಸ್ಪಿನ್ನಿಂಗ್ ರಾಡು, 4000 ಅಳತೆಯ ಸ್ಪಿನ್ನಿಂಗ್ ರೀಲು, 0.35 ಮಿ.ಮೀ. ದಪ್ಪದ ನೈಲಾನ್ ದಾರ ಅಥವಾ ಪಿಇ 2ರ ಹೆಣೆದ ದಾರ (ಪಿಇ ಎಂಬುದು ಹೆಣೆದ ದಾರದ ದಪ್ಪದ ಅಳತೆ). ಕೆಲವು ಕೊಕ್ಕೆ, ಕೆಲವು ಸೀಸದ ಗುಂಡು, ಒಂದು ಉದ್ದ ಮೂತಿಯ ಇಕ್ಕಳ. ಇಷ್ಟಕ್ಕೆ ಐದರಿಂದ ಆರು ಸಾವಿರ ರೂಪಾಯಿ ತೆಗೆದಿಟ್ಟುಕೊಂಡರೆ ಉಪ್ಪುನೀರಿನಲ್ಲಿ ಕೆಲವು ವರ್ಷ ಬಾಳುವ ವಸ್ತು ಕೊಳ್ಳಬಹುದು. ಈ ಹಣವನ್ನು ಹೇಗೆ ಹಂಚಬೇಕು ಎಂಬುದೇ ಮುಖ್ಯ ಪ್ರಶ್ನೆ. ಹೆಚ್ಚಿನ ಪಾಲು ರೀಲಿಗೆ, ಅದರ ನಂತರ ದಾರಕ್ಕೆ, ಆಮೇಲೆ ರಾಡಿಗೆ ಹೋಗಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಮೊದಲು, ಬಹುಪಾಲು ಹೊಸಬರ ಕಣ್ಣಿಗೆ ಬೀಳುವ ಸಿದ್ಧ ಕಿಟ್ ಬಗ್ಗೆ ಹೇಳಬೇಕು. ಒಂದು ಚೀಲದಲ್ಲಿ ಮಡಚುವ ಟೆಲಿಸ್ಕೋಪಿಕ್ ರಾಡು, ಮಿರುಗುವ ರೀಲು, ಮೊದಲೇ ಸುತ್ತಿದ ದಾರ, ಬಣ್ಣಬಣ್ಣದ ಕೃತಕ ಮೀನುಗಳು, ಎಲ್ಲವೂ ಸೇರಿ ಒಂದು ಒಳ್ಳೆಯ ರೀಲಿನ ಅರ್ಧ ಬೆಲೆಗೆ ದೊರೆಯುತ್ತವೆ. ಕೆರೆಯಲ್ಲಿ ಮಕ್ಕಳೊಂದಿಗೆ ಕೂರುವುದಕ್ಕೆ ಇದು ನಡೆದೀತು. ಅಳಿವೆಗೆ ಇದನ್ನು ನಾನು ಒಪ್ಪುವುದಿಲ್ಲ. ಮಡಚುವ ರಾಡಿನ ಪ್ರತಿ ಸಂದಿಗೂ ಮರಳು ಮತ್ತು ಉಪ್ಪು ಸೇರುತ್ತವೆ. ಒಣಗಿದ ಮೇಲೆ ಕೊಳವೆಗಳು ಒಂದಕ್ಕೊಂದು ಕಚ್ಚಿಕೊಂಡು ಹೊರಗೂ ಬರುವುದಿಲ್ಲ, ಒಳಗೂ ಹೋಗುವುದಿಲ್ಲ, ಬಲವಂತ ಮಾಡಿದರೆ ತೆಳುವಾದ ಅಂಚು ಸೀಳುತ್ತದೆ. ದಾರ ಹಾಯುವ ಬಳೆಗಳು ಸಾಮಾನ್ಯವಾಗಿ ಅಗ್ಗದ ಲೋಹದವು, ಪ್ರತಿ ಕೊಳವೆಯ ತುದಿಗೆ ಅಂಟಿನಲ್ಲಿ ನಿಲ್ಲಿಸಿದವು. ಒಂದು ಬಳೆ ಸ್ವಲ್ಪ ತಿರುಗಿದರೂ ಎಸೆದ ದಾರ ಅಲ್ಲಿ ಉಜ್ಜಿ ಸವೆಯುತ್ತದೆ. ಕಿಟ್ಟಿನ ದಾರವನ್ನು ಯಾವಾಗ ಸುತ್ತಿದ್ದು, ಎಷ್ಟು ಕಾಲ ಗೋದಾಮಿನ ಬಿಸಿಯಲ್ಲಿ ಇತ್ತು ಎಂದು ಯಾರೂ ಹೇಳಲಾರರು. ಬಸ್ಸಿನಲ್ಲಿ ಅಥವಾ ಬೈಕಿನಲ್ಲಿ ಒಯ್ಯಲು ಸಣ್ಣ ರಾಡೇ ಬೇಕು ಎನ್ನುವವರು ಮೂರು ಅಥವಾ ನಾಲ್ಕು ತುಂಡಿನ ಟ್ರಾವೆಲ್ ರಾಡನ್ನು ನೋಡಬಹುದು. ಬೆಲೆ ಹೆಚ್ಚಾದರೂ ಅದರ ಕೀಲುಗಳನ್ನು ಬಿಚ್ಚಿ ತೊಳೆಯಲು ಸಾಧ್ಯ.

ಇನ್ನು ರೀಲು. ಅಂಗಡಿಯಲ್ಲಿ ರೀಲನ್ನು ಕೈಗೆ ಕೊಟ್ಟಾಗ ಎಲ್ಲರೂ ಮಾಡುವುದು ಹಿಡಿಯನ್ನು ತಿರುಗಿಸಿ ಎಷ್ಟು ನುಣುಪಾಗಿದೆ ಎಂದು ನೋಡುವುದು. ಗಾಜಿನ ಕಪಾಟಿನಿಂದ ಹೊರಬಂದ ಯಾವ ಹೊಸ ರೀಲೂ ನುಣುಪಾಗಿಯೇ ತಿರುಗುತ್ತದೆ, ಅದರಿಂದ ತಿಳಿಯುವುದು ಕಡಿಮೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ಬೇರಿಂಗ್‌ಗಳ ಸಂಖ್ಯೆಯನ್ನೂ ನಂಬಬೇಡಿ. ಉಪ್ಪುನೀರಿಗೆ ತಾಳದ ಹನ್ನೆರಡು ಬೇರಿಂಗ್‌ಗಳೆಂದರೆ ತುಕ್ಕು ಹಿಡಿಯಲು ಹನ್ನೆರಡು ಜಾಗಗಳು. ಒಳ್ಳೆಯ ಸ್ಟೇನ್‌ಲೆಸ್ ಉಕ್ಕಿನ ಮೂರೋ ನಾಲ್ಕೋ ಇರುವ ರೀಲು ಅದಕ್ಕಿಂತ ಎಷ್ಟೋ ಮೇಲು. ನೋಡಬೇಕಾದದ್ದು ಡ್ರ್ಯಾಗ್. ಮೀನು ಜೋರಾಗಿ ಎಳೆದಾಗ ದಾರ ಹರಿಯದಂತೆ ಸುರುಳಿಯನ್ನು ಹಿಡಿತದಲ್ಲಿಟ್ಟುಕೊಂಡೇ ಜಾರಲು ಬಿಡುವ ವ್ಯವಸ್ಥೆ ಅದು. ರೀಲಿನ ತಲೆಯಲ್ಲಿರುವ ಗುಂಡಿಯನ್ನು ಮಧ್ಯಮವಾಗಿ ಬಿಗಿಮಾಡಿ, ದಾರವನ್ನು ಕೈಯಿಂದ ನಿಧಾನವಾಗಿ ಎಳೆಯಿರಿ. ಅದು ಒಂದೇ ಸಮನೆ ಜಾರಿದರೆ ಒಳ್ಳೆಯದು. ಮೊದಲು ಹಿಡಿದುಕೊಂಡು ಆಮೇಲೆ ಜಗ್ಗನೆ ಬಿಟ್ಟರೆ ಆ ರೀಲನ್ನು ಅಲ್ಲೇ ಬಿಟ್ಟು ಬನ್ನಿ. ಅಳಿವೆಯ ಕೆಂಬೇರಿ ಕಚ್ಚಿದ ಕ್ಷಣದಲ್ಲೇ ಬೇರಿನ ಸಂದಿಗೋ ಕಲ್ಲಿನ ಬಿರುಕಿಗೋ ನುಗ್ಗುವ ಮೀನು. ಆ ಮೊದಲ ಎಳೆತದಲ್ಲಿ ಡ್ರ್ಯಾಗ್ ತಡವರಿಸಿದರೆ ದಾರ ಕಡಿದೇ ಹೋಗುತ್ತದೆ.

ಹೆಸರು ಹೇಳಿ ಎಂದು ಕೇಳುವವರಿಗೆ ಕೆಲವು ಹೆಸರುಗಳು. ಶಿಮಾನೋ ಕಂಪನಿಯ ಎಫ್‌ಎಕ್ಸ್ ಮತ್ತು ಸಿಯೆನ್ನಾ, ಡೈವಾ ಕಂಪನಿಯ ಕ್ರಾಸ್‌ಫೈರ್, ಇವು ಆಯಾ ಕಂಪನಿಗಳ ಕಡಿಮೆ ಬೆಲೆಯ ಸಾಲಿನ ರೀಲುಗಳು. ಹೊಸಬರ ಬಜೆಟ್ಟಿಗೆ ಹೊಂದುತ್ತವೆ, ತಿಂಗಳಿಗೆ ಕೆಲವು ಸಲ ಅಳಿವೆಗೆ ಹೋಗುವವರಿಗೆ ಸಾಕಾಗುತ್ತವೆ. ಇವುಗಳೊಳಗೆ ನೀರು ನುಗ್ಗದಂತೆ ತಡೆಯುವ ಸೀಲಿಂಗ್ ಇಲ್ಲ ಎಂಬುದನ್ನು ತಿಳಿದೇ ಕೊಳ್ಳಬೇಕು. ರೀಲು ಮರಳಿಗೆ ಬಿದ್ದರೆ ಅಥವಾ ತೆರೆಗೆ ಸಿಕ್ಕರೆ ಉಪ್ಪು ಗೇರಿನವರೆಗೆ ಹೋಗುತ್ತದೆ. ಬಜೆಟ್ಟನ್ನು ಸುಮಾರು ಎರಡು ಪಟ್ಟು ಮಾಡಬಲ್ಲವರಿಗೆ ನನ್ನ ಆಯ್ಕೆ ಪೆನ್ ಕಂಪನಿಯ ಬ್ಯಾಟಲ್. 1932ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರಂಭವಾದ ಈ ಕಂಪನಿ ಹೆಸರು ಗಳಿಸಿದ್ದೇ ಉಪ್ಪುನೀರಿನ ರೀಲುಗಳಿಂದ. ಬ್ಯಾಟಲ್‌ನ ಒಡಲು ಪೂರ್ತಿ ಲೋಹದ್ದು, ಡ್ರ್ಯಾಗ್‌ನ ಬಿಲ್ಲೆಗಳು ಕಾರ್ಬನ್ ನಾರಿನವು, ಒದ್ದೆಯಾದರೂ ಹಿಡಿತ ಬದಲಾಗುವುದಿಲ್ಲ. ಅದು ತೂಕದ ರೀಲು, ಹೀಗಾಗಿ ದಿನವಿಡೀ ಎಸೆಯುತ್ತಲೇ ಇರುವವರ ಮಣಿಕಟ್ಟು ನೋಯಬಹುದು. ರಾಡನ್ನು ಊರಿ ಕಾಯುವವರಿಗೆ ಆ ತೊಂದರೆ ಇಲ್ಲ.

4000 ಎಂಬ ಅಳತೆಯ ಬಗ್ಗೆ ಒಂದು ಎಚ್ಚರಿಕೆ. ಈ ಸಂಖ್ಯೆ ಎಲ್ಲ ಕಂಪನಿಗಳಿಗೂ ಸಮಾನವಾದ ಮಾನದಂಡವಲ್ಲ. ಡೈವಾದ ಎಲ್‌ಟಿ ಎಂದು ಗುರುತಿಸಿದ ರೀಲುಗಳು ಅದೇ ಸಂಖ್ಯೆಯ ಹಳೆಯ ರೀಲುಗಳಿಗಿಂತ ಒಡಲಿನಲ್ಲಿ ಚಿಕ್ಕವು. ಹಾಗಾಗಿ ಸಂಖ್ಯೆಯನ್ನು ಹೋಲಿಸುವ ಬದಲು ಸುರುಳಿಯ ಅಂಚಿನಲ್ಲಿ ಬರೆದ ದಾರದ ಅಳತೆಯನ್ನು ಓದಿ. 0.35 ಮಿ.ಮೀ. ದಾರ 130 ಮೀಟರಿಗೆ ಕಡಿಮೆಯಿಲ್ಲದಂತೆ ಹಿಡಿಸಿದರೆ ಅಳಿವೆಗೆ ಸಾಕು.

ದಾರದ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಅಂಗಡಿಗಳಲ್ಲಿ ಅತಿ ಕಡಿಮೆ ಚರ್ಚೆಯಾಗುವ, ನೀರಿನ ದಂಡೆಯಲ್ಲಿ ಅತಿ ಹೆಚ್ಚು ಸಂಕಟ ಕೊಡುವ ವಸ್ತು ಇದೇ. ಒಂಟಿ ಎಳೆಯ ನೈಲಾನ್ ದಾರ ಅಗ್ಗ, ಗಂಟು ಹಾಕಲು ಸುಲಭ, ಎಳೆದರೆ ಹಿಗ್ಗುತ್ತದೆ. ಆ ಹಿಗ್ಗುವಿಕೆಯೇ ಹೊಸಬರನ್ನು ಕಾಯುತ್ತದೆ. ಗಾಬರಿಯಲ್ಲಿ ರಾಡನ್ನು ಅತಿಯಾಗಿ ಎಳೆದರೂ ಮೀನಿನ ಬಾಯಿ ಹರಿಯುವುದಿಲ್ಲ, ಗಂಟೂ ಬಿಡುವುದಿಲ್ಲ. ಬಿಸಿಲಿನ ನೇರಳಾತೀತ ಕಿರಣ ಅದನ್ನು ಕ್ರಮೇಣ ಪೆಡಸಾಗಿಸುತ್ತದೆ, ಆದ್ದರಿಂದ ನಿಯಮಿತವಾಗಿ ಹೋಗುವವರು ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಹೊಸದನ್ನು ಸುತ್ತಬೇಕು. ಹೆಣೆದ ದಾರ, ಅಂದರೆ ಪಾಲಿಎಥಿಲೀನ್ ನೂಲುಗಳನ್ನು ಜಡೆಯಂತೆ ಹೆಣೆದದ್ದು, ಅದೇ ಬಲಕ್ಕೆ ಎಷ್ಟೋ ತೆಳ್ಳಗಿರುತ್ತದೆ. ಪಿಇ 2 ಎಂದರೆ ಸುಮಾರು 0.235 ಮಿ.ಮೀ. ಮಾತ್ರ. ತೆಳ್ಳಗಿರುವುದರಿಂದ ದೂರ ಹೋಗುತ್ತದೆ, ಹರಿವಿನಲ್ಲಿ ನೀರಿಗೆ ಕಡಿಮೆ ಸಿಕ್ಕುತ್ತದೆ, ಹಿಗ್ಗದಿರುವುದರಿಂದ ಸೀಗಡಿಯನ್ನು ಕಾಣೆ ಮೀನು ಮೂಸಿದರೂ ಬೆರಳಿಗೆ ತಿಳಿಯುತ್ತದೆ.

ಆದರೆ ನಮ್ಮ ಅಳಿವೆಗಳ ತಳ ಹೆಣೆದ ದಾರಕ್ಕೆ ಶತ್ರು. ಅಲೆ ತಡೆಯಲು ಹಾಕಿದ ಬ್ರೇಕ್‌ವಾಟರ್ ಕಲ್ಲುಗಳ ಮೇಲೆ ಪಚ್ಚಿಲೆ ಚಿಪ್ಪು, ಸೇತುವೆಯ ಕಂಬಗಳ ಮೇಲೆ ಚಿಪ್ಪಿನ ಜೀವಿಗಳ ಪದರ, ಕಾಂಡ್ಲಾ ಬೇರುಗಳ ಮೇಲೂ ಅವೇ. ಬಿಗಿಯಾದ ಹೆಣೆದ ದಾರ ಆ ಅಂಚುಗಳಿಗೆ ಒಮ್ಮೆ ತಾಗಿದರೆ ಸಾಕು, ತುಂಡಾಗುತ್ತದೆ. ಆದ್ದರಿಂದ ಕೊನೆಯಲ್ಲಿ ಒಂದೂವರೆ ಎರಡು ಮೀಟರ್ ಉದ್ದದ ದಪ್ಪ ಲೀಡರ್ ದಾರ, 30ರಿಂದ 40 ಪೌಂಡ್ ಬಲದ ನೈಲಾನ್ ಅಥವಾ ಫ್ಲೋರೋಕಾರ್ಬನ್, ಕಟ್ಟಲೇಬೇಕು. ಆ ಎರಡು ದಾರಗಳನ್ನು ಬೆಸೆಯುವ ಗಂಟು ಒಂದು ಪ್ರತ್ಯೇಕ ವಿದ್ಯೆ. ಡಬಲ್ ಯೂನಿ ಗಂಟನ್ನು ಮನೆಯಲ್ಲಿ ಕುಳಿತು ಕಣ್ಣು ಮುಚ್ಚಿ ಕಟ್ಟುವಷ್ಟು ರೂಢಿಯಾಗುವವರೆಗೆ ನೈಲಾನ್ ದಾರದಲ್ಲೇ ಮುಂದುವರಿಯಿರಿ ಎಂಬುದು ನನ್ನ ಸಲಹೆ. ಹೆಣೆದ ದಾರಕ್ಕೆ ಹೋಗುವಾಗ ಸುರುಳಿಯ ತಳದಲ್ಲಿ ಕೆಲವು ಸುತ್ತು ನೈಲಾನ್ ಇರಲಿ. ಇಲ್ಲದಿದ್ದರೆ ಇಡೀ ದಾರ ಲೋಹದ ಮೇಲೆ ಜಾರಿ ತಿರುಗುತ್ತದೆ, ಡ್ರ್ಯಾಗ್ ಕೆಟ್ಟಿದೆಯೆಂಬ ಭ್ರಮೆ ಹುಟ್ಟಿಸುತ್ತದೆ. ಇನ್ನೊಂದು ವಿಷಯ: ಅಗ್ಗದ ಹೆಣೆದ ದಾರಗಳ ಪೆಟ್ಟಿಗೆಯ ಮೇಲೆ ಬಲವನ್ನು ದೊಡ್ಡದಾಗಿ, ದಪ್ಪವನ್ನು ಚಿಕ್ಕದಾಗಿ ಬರೆಯುವುದು ವಾಡಿಕೆ. ಬೆರಳುಗಳ ನಡುವೆ ಹಿಡಿದು ಪರಿಚಿತ ಕಂಪನಿಯ ದಾರದೊಂದಿಗೆ ಹೋಲಿಸಿದರೆ ನಿಜ ತಿಳಿಯುತ್ತದೆ.

ಯಾವ ದಾರವಾದರೂ ಡ್ರ್ಯಾಗನ್ನು ದಾರದ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟಕ್ಕೆ ಹೊಂದಿಸಬೇಕು. 7 ಕಿಲೋ ತಾಳುವ ದಾರಕ್ಕೆ ಎರಡು ಕಿಲೋ ಎಳೆತದಲ್ಲಿ ಸುರುಳಿ ಜಾರುವಂತಿರಲಿ. ಅಡುಗೆಮನೆಯ ಕೊಕ್ಕೆ ತಕ್ಕಡಿಯಿಂದ ಇದನ್ನು ಮನೆಯಲ್ಲೇ ಅಳೆಯಬಹುದು.

ರಾಡಿನಲ್ಲಿ ಗಾಜಿನ ನಾರಿನವು ಮತ್ತು ಕಾರ್ಬನ್ನಿನವು ಎಂದು ಎರಡು ಬಗೆ ಮುಖ್ಯ. ಎರಡನ್ನೂ ಬೆರೆಸಿದ್ದು ಮೂರನೆಯದು. ಗಾಜಿನ ನಾರು ಭಾರ, ಆದರೆ ಪೆಟ್ಟು ತಾಳುತ್ತದೆ, ಕಲ್ಲಿನ ಮೇಲೆ ಬಿದ್ದರೂ ಬಾಳುತ್ತದೆ. ಕಾರ್ಬನ್ ಹಗುರ, ಸೂಕ್ಷ್ಮ, ಆದರೆ ಕಲ್ಲಿಗೆ ತಾಗಿ ಕಾಣದಷ್ಟು ಸೀಳಿದರೆ ಮುಂದಿನ ದೊಡ್ಡ ಮೀನಿಗೆ ಮುರಿಯುತ್ತದೆ. ಅದು ವಿದ್ಯುತ್ತನ್ನೂ ಹಾಯಿಸುತ್ತದೆ. ಗುಡುಗು ಕೇಳಿದ ಕೂಡಲೇ ಕಾರ್ಬನ್ ರಾಡನ್ನು ಕೆಳಗಿಟ್ಟು ದಂಡೆ ಬಿಡಬೇಕು, ವಿದ್ಯುತ್ ತಂತಿಗಳ ಕೆಳಗೆ ಅದನ್ನು ಎತ್ತಿ ಹಿಡಿದು ನಡೆಯಬಾರದು. ಬ್ರೇಕ್‌ವಾಟರ್ ಕಲ್ಲುಗಳ ಮೇಲೆ ಹೆಚ್ಚು ನಿಲ್ಲುವವರಿಗೆ ಬೆರಕೆ ರಾಡೇ ಲೇಸು. ಕೊಳ್ಳುವಾಗ ಹಿಡಿಯ ಮೇಲ್ಭಾಗದಲ್ಲಿ ಅಚ್ಚಾದ ಎಸೆಯುವ ತೂಕವನ್ನು ಓದಿ, ಬಳೆಗಳ ಒಳಗಿನ ಪಿಂಗಾಣಿ ಉಂಗುರಗಳ ಮೇಲೆ ಹತ್ತಿಯ ಉಂಡೆಯನ್ನು ಆಡಿಸಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ ಎಂದರ್ಥ. ಬಳೆಯ ಚೌಕಟ್ಟು ಸ್ಟೇನ್‌ಲೆಸ್ ಆಗಿರಲಿ.

ಸೀಸದ ತೂಕವನ್ನು ನಿರ್ಧರಿಸುವುದು ಭರತ ಇಳಿತ. ಮಂಗಳೂರಿನ ಕಡೆ ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ನೀರು ಒಂದೂವರೆ ಮೀಟರಿನ ಆಸುಪಾಸು ಏರಿ ಇಳಿಯುತ್ತದೆ, ಕಾರವಾರದತ್ತ ಹೋದಂತೆ ಇನ್ನೂ ಸ್ವಲ್ಪ ಹೆಚ್ಚು. ಆ ದಿನಗಳಲ್ಲಿ ಅಳಿವೆ ಬಾಗಿಲಲ್ಲಿ ಹರಿವು ಎಷ್ಟು ಬಲವಾಗಿರುತ್ತದೆಂದರೆ 20 ಗ್ರಾಂ ಗುಂಡು ತಳದಲ್ಲಿ ನಿಲ್ಲುವುದೇ ಇಲ್ಲ. 10, 20, 40 ಗ್ರಾಂಗಳ ಕೆಲವು ಗುಂಡುಗಳಿದ್ದರೆ ಅಷ್ಟಮಿಯ ಮಂದ ನೀರಿಗೂ ಹುಣ್ಣಿಮೆಯ ಸೆಳೆತಕ್ಕೂ ಒಗ್ಗುತ್ತದೆ. ಸಣ್ಣ ಸೀಸವನ್ನು ಹಲ್ಲಿನಿಂದ ಕಚ್ಚಿ ದಾರಕ್ಕೆ ಬಿಗಿಯುವ ಅಭ್ಯಾಸವನ್ನು ಎಷ್ಟೋ ಕಡೆ ನೋಡುತ್ತೇವೆ. ಸೀಸ ವಿಷ, ಇಕ್ಕಳ ಇರುವುದು ಇದಕ್ಕೇ. ಊಟಕ್ಕೆ ಮೊದಲು ಕೈಯನ್ನೂ ತೊಳೆಯಬೇಕು.

ಕೊಕ್ಕೆಯ ಸಂಖ್ಯೆಗಳು ಹೊಸಬರನ್ನು ಗೊಂದಲಕ್ಕೆ ತಳ್ಳುತ್ತವೆ: 8, 6, 4, 2, 1 ಎಂದು ಸಂಖ್ಯೆ ಇಳಿದಂತೆ ಕೊಕ್ಕೆ ದೊಡ್ಡದಾಗುತ್ತದೆ, ಆಮೇಲೆ 1/0, 2/0, 3/0 ಎಂದು ಸಂಖ್ಯೆ ಏರಿದಂತೆ ಇನ್ನೂ ದೊಡ್ಡದಾಗುತ್ತದೆ. ಕಾಣೆಯಂಥ ಸಣ್ಣ ಬಾಯಿಯ ಮೀನಿಗೆ ಉದ್ದ ಕಾಲಿನ 6 ಅಥವಾ 8. ಕೆಂಬೇರಿಗೂ ಸೀಬಾಸಿಗೂ 1/0ರಿಂದ 3/0. ದೊಡ್ಡ ಮೀನಿಗೆ ಒಳಮುಖವಾಗಿ ಬಾಗಿದ ಸರ್ಕಲ್ ಕೊಕ್ಕೆಯನ್ನೇ ತೆಗೆದುಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಅದು ಹೊಟ್ಟೆಗೆ ಇಳಿಯದೆ ಬಾಯಿಯ ಮೂಲೆಯಲ್ಲಿ ಸಿಕ್ಕುತ್ತದೆ, ಮರಿಮೀನನ್ನು ಬದುಕಿರುವಂತೆಯೇ ಬಿಡಬಹುದು. ಅಳಿವೆಗಳು ಮೀನುಮರಿಗಳು ಬೆಳೆಯುವ ಜಾಗ, ಅಲ್ಲಿ ಗಾಳ ಹಾಕುವವನಿಗೆ ಇಷ್ಟು ಹೊಣೆ ಇರಲೇಬೇಕು. ಸರ್ಕಲ್ ಕೊಕ್ಕೆಗೆ ಮೀನು ಕಚ್ಚಿದಾಗ ರಾಡನ್ನು ಜಗ್ಗಬಾರದು, ಸುಮ್ಮನೆ ಸುತ್ತುತ್ತಾ ಹೋಗಬೇಕು.

ಕೃತಕ ಮೀನುಗಳಿಗೆ ಮೊದಲ ವರ್ಷ ಹಣ ಹಾಕುವ ಅಗತ್ಯ ನನಗೆ ಕಾಣುವುದಿಲ್ಲ. ಜೀವಂತ ಸೀಗಡಿಯನ್ನು ಬಾಲದ ಬಳಿ ಚುಚ್ಚಿ ಹರಿವಿಗೆ ಬಿಟ್ಟರೆ ಅಳಿವೆಯ ಬಹುತೇಕ ಮೀನುಗಳು ಕಚ್ಚುತ್ತವೆ. ಬೀಸುಬಲೆಯವರ ಬಳಿ ವಿನಯದಿಂದ ಕೇಳಿದರೆ ಒಂದು ಹಿಡಿ ಸೀಗಡಿ ದೊರೆಯುತ್ತದೆ, ಜೊತೆಗೆ ನೀರು ಎಲ್ಲಿ ಆಳ, ಎಲ್ಲಿ ಕಲ್ಲು ಎಂಬ ಮಾತೂ ದೊರೆಯುತ್ತದೆ. ಅವರ ಬಲೆ ಬೀಳುವ ಜಾಗಕ್ಕೆ, ಕೈರಂಪಣಿ ಬಲೆ ಎಳೆಯುವ ದಂಡೆಗೆ ಅಡ್ಡವಾಗಿ ಗಾಳ ಎಸೆಯದಿರುವುದು ನಮ್ಮ ಮರ್ಯಾದೆ. ಅದು ಅವರ ಹೊಟ್ಟೆಪಾಡಿನ ನೀರು. ಎಷ್ಟೋ ಜನ ದೋಣಿಯವರು ರಾಡಿಲ್ಲದೆ, ಕೈಯಲ್ಲಿ ಸುತ್ತಿದ ದಾರದಿಂದಲೇ ಹಿಡಿಯುವ ಮೀನನ್ನು ನೋಡಿದರೆ ರಾಡು ಬೇಕೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ದೋಣಿಯಿಂದ ಮತ್ತು ಸೇತುವೆಯಿಂದ ನೇರ ಕೆಳಗೆ ಬಿಡುವುದಕ್ಕೆ ಕೈದಾರ ಪೂರ್ತಿ ಸಾಲುತ್ತದೆ, ಕೆಲವೇ ನೂರು ರೂಪಾಯಿಯ ಖರ್ಚು. ದಂಡೆಯಿಂದ ಎಸೆಯಲು ಮತ್ತು ದೊಡ್ಡ ಮೀನನ್ನು ಬೆರಳು ಕೊಯ್ಯದಂತೆ ತಡೆಯಲು ರಾಡು ಬೇಕಾಗುತ್ತದೆ.

ಇಕ್ಕಳವನ್ನು ಪಟ್ಟಿಯಿಂದ ಬಿಡಬೇಡಿ ಎಂದು ಹೇಳಲು ಇನ್ನೊಂದು ಕಾರಣವಿದೆ. ತೇಡೆ ಮೀನಿನ ಬೆನ್ನು ಮತ್ತು ಪಕ್ಕದ ರೆಕ್ಕೆಗಳಲ್ಲಿರುವ ಮುಳ್ಳುಗಳು, ತೊರಕೆ ಮೀನಿನ ಬಾಲದ ಮುಳ್ಳು ವಿಷಕಾರಿ. ಅವನ್ನು ಕೈಯಿಂದ ಬಿಡಿಸಲು ಹೋಗಬಾರದು. ಇಕ್ಕಳಕ್ಕೂ ಸುಲಭವಾಗಿ ಬಾರದಿದ್ದರೆ ದಾರವನ್ನು ಕತ್ತರಿಸಿ ಬಿಡುವುದೇ ಸರಿ.

ಕೊಂಡ ಸೆಟ್ಟು ಎಷ್ಟು ಕಾಲ ಬಾಳುತ್ತದೆ ಎಂಬುದು ಬೆಲೆಗಿಂತ ಹೆಚ್ಚಾಗಿ ಮನೆಗೆ ಬಂದ ಮೇಲಿನ ಹತ್ತು ನಿಮಿಷದ ಮೇಲೆ ನಿಂತಿದೆ. ಡ್ರ್ಯಾಗ್ ಗುಂಡಿಯನ್ನು ಬಿಗಿಮಾಡಿ, ರೀಲಿಗೂ ರಾಡಿಗೂ ಸಿಹಿನೀರನ್ನು ತೆಳ್ಳಗೆ ಹನಿಸಿ, ಒರೆಸಿ, ನೆರಳಿನಲ್ಲಿ ಒಣಗಿಸಿ, ಆಮೇಲೆ ಗುಂಡಿಯನ್ನು ಸಡಿಲಿಸಿ ಇಡಬೇಕು. ಪೈಪಿನ ಜೋರು ನೀರು ಉಪ್ಪನ್ನು ಇನ್ನೂ ಒಳಕ್ಕೆ ತಳ್ಳುತ್ತದೆ, ಬಕೆಟ್ಟಿನಲ್ಲಿ ಮುಳುಗಿಸುವುದೂ ಹಾಗೆಯೇ. ದಾರ ತಿರುವುವ ಚಿಕ್ಕ ರೋಲರಿಗೆ ಆಗಾಗ ಒಂದು ಹನಿ ರೀಲ್ ಎಣ್ಣೆ ಹಾಕಿ. ಆ ರೋಲರ್ ಗಟ್ಟಿಯಾಗಿ ನಿಂತರೆ ಹೊಸ ದಾರವೂ ಕೆಲವೇ ಸಲದಲ್ಲಿ ಸವೆಯುತ್ತದೆ.

ಸಾಧ್ಯವಾದರೆ ಮೊದಲ ಸೆಟ್ಟನ್ನು ಅಂಗಡಿಗೆ ಹೋಗಿ, ರೀಲನ್ನು ಅದೇ ರಾಡಿಗೆ ಜೋಡಿಸಿ ಹಿಡಿದು ನೋಡಿ ಕೊಳ್ಳಬೇಕು. ದಾರವನ್ನು ಬಿಗಿಯಾಗಿ ಸುತ್ತಿ ಕೊಡುವ ಅಂಗಡಿಯಾದರೆ ಕೆಲವು ರೂಪಾಯಿ ಹೆಚ್ಚಾದರೂ ಅಲ್ಲೇ ಕೊಳ್ಳುವುದು ಒಳ್ಳೆಯದು. ಜೂನ್‌ನಿಂದ ಆಗಸ್ಟ್‌ವರೆಗೆ ಕಡಲು ಪ್ರಕ್ಷುಬ್ಧವಾಗಿರುತ್ತದೆ, ಬ್ರೇಕ್‌ವಾಟರ್ ಕಲ್ಲುಗಳು ಪಾಚಿಯಿಂದ ಜಾರುತ್ತವೆ, ಆ ತಿಂಗಳುಗಳಲ್ಲಿ ಹೊಸಬರು ಅಲ್ಲಿಗೆ ಹೋಗಲೇಬಾರದು. ನದಿಗಳ ಕೆಂಪು ನೀರು ತಿಳಿಯಾಗುವ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿಗೆ ಸರಿಯಾಗಿ ಕೊಂಡರೆ ಮುಂದಿನ ಬೇಸಿಗೆಯವರೆಗೂ ಅಭ್ಯಾಸಕ್ಕೆ ಸಮಯ ಸಿಗುತ್ತದೆ. ಹತ್ತು ಹನ್ನೆರಡು ವರ್ಷದ ಮಕ್ಕಳಿಗಾದರೆ ಇದೇ ಸೆಟ್ಟಿನ ಬದಲು 6 ಅಡಿಯ ರಾಡು, 2500 ಅಳತೆಯ ರೀಲು, 0.28 ಮಿ.ಮೀ. ನೈಲಾನ್ ಸಾಕು, ಮೈಗೆ ಲೈಫ್ ಜಾಕೆಟ್ ಮಾತ್ರ ಕಡ್ಡಾಯ.